ಮನೆಯೊಳಗಿನ ಬೀಡಿ, ಸಿಗರೇಟಿನ ಹೊಗೆಯಿಂದ ಮಕ್ಕಳ ರಕ್ಷಣೆ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಒಂದು ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯತಿ ಕಚೇರಿ, ಶಾಲೆ, ಅಂಗನವಾಡಿ, ಆಸ್ಪತ್ರೆ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡುವುದು ಅಪರಾಧವೆಂಬುದು ಸದಸ್ಯರೆಲ್ಲರಿಗೂ ತಿಳಿದ ವಿಷಯ. ಆದರೆ ಚಿಕ್ಕ ಮಗುವು ದಿನದ ಬಹುಪಾಲನ್ನು ಕಳೆಯುವುದು ಈ ಸ್ಥಳಗಳಲ್ಲಿ ಅಲ್ಲ, ಮನೆಯಲ್ಲಿ. ಮನೆಯೊಳಗೆ ಹಚ್ಚಿದ ಬೀಡಿಗೆ ದಂಡ ವಿಧಿಸುವ ಅವಕಾಶ ಕಾನೂನಿನಲ್ಲಿ ಇಲ್ಲ. ಹೊಗೆಯ ನಡುವೆ ಮಗುವನ್ನು ಮಲಗಿಸಬೇಕಾದ ತಾಯಿಯು ಅದನ್ನು ಕಂಡೂ, ಮಾವನಿಗಾಗಲಿ ಗಂಡನಿಗಾಗಲಿ ‘ಇಲ್ಲಿ ಸೇದಬೇಡಿ’ ಎಂದು ಹೇಳುವ ಸ್ಥಿತಿಯಲ್ಲಿ ಅನೇಕ ಮನೆಗಳಲ್ಲಿ ಇರುವುದಿಲ್ಲ. ಕಾನೂನು ಹೊಸ್ತಿಲಿನ ಹೊರಗೇ ನಿಲ್ಲುತ್ತದೆ. ತಾಯಿಯ ಮಾತು ಅವಳಲ್ಲೇ ಉಳಿಯುತ್ತದೆ. ಈ ಎರಡರ ನಡುವೆ ನಿಂತು, ಅವಳು ಹೇಳಲಾರದ ಮಾತನ್ನು ಊರಿನ ಮಾತನ್ನಾಗಿ ಮಾಡಬಲ್ಲ ಸಂಸ್ಥೆಯೆಂದರೆ ಗ್ರಾಮ ಪಂಚಾಯತಿ. ಅದನ್ನು ಮಾಡುವ ಕ್ರಮವೇ ಈ ಪಾಠದ ವಿಷಯ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯವನ್ನೂ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯನ್ನೂ ಸೇರಿಸಿದೆ. ಆದ್ದರಿಂದ ಈ ಕಾರ್ಯವು ಪಂಚಾಯತಿಯ ಕರ್ತವ್ಯಗಳ ವ್ಯಾಪ್ತಿಯೊಳಗೇ ಇರುವಂಥದ್ದು.

1. ಪರೋಕ್ಷ ಧೂಮಪಾನ ಎಂದರೇನು?

ಬೀಡಿ ಅಥವಾ ಸಿಗರೇಟು ಉರಿಯುವಾಗ ಎರಡು ಬಗೆಯ ಹೊಗೆ ಹೊರಬರುತ್ತದೆ. ಒಂದು, ಸೇದುವವರು ಒಳಗೆಳೆದು ಹೊರಬಿಡುವ ಹೊಗೆ. ಇನ್ನೊಂದು, ಸೇದುವಿಕೆಯ ನಡುವೆ ಬೆರಳುಗಳ ಸಂದಿಯಲ್ಲಿ ಉರಿಯುತ್ತಿರುವ ತುದಿಯಿಂದ ಏಳುವ ಹೊಗೆ. ಕೋಣೆಯಲ್ಲಿ ತುಂಬುವ ಹೊಗೆಯ ಹೆಚ್ಚಿನ ಪಾಲು ಈ ಎರಡನೆಯ ಬಗೆಯದು. ಇದು ಯಾವ ಶ್ವಾಸಕೋಶವನ್ನೂ ಹಾದುಬಾರದೆ ನೇರವಾಗಿ ಗಾಳಿಗೆ ಸೇರುತ್ತದೆ. ಇವೆರಡೂ ಬೆರೆತ ಗಾಳಿಯನ್ನು ಪಕ್ಕದಲ್ಲಿರುವವರು ಉಸಿರಾಡುವುದಕ್ಕೆ ಪರೋಕ್ಷ ಧೂಮಪಾನವೆಂದು ಹೆಸರು.

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ನೂರಾರು ವಿಷಕಾರಿಯಾಗಿದ್ದು, ಸುಮಾರು 70 ಕ್ಯಾನ್ಸರ್ ಉಂಟುಮಾಡಬಲ್ಲವು. ಬೀಡಿಯು ಗಾತ್ರದಲ್ಲಿ ಚಿಕ್ಕದು, ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ತಪ್ಪು. ಒಳಗಿರುವುದು ತಂಬಾಕೇ, ಹೊಗೆಯೂ ಅದೇ ಬಗೆಯದು.

ಸೇದದವರಿಗೂ ಹಾನಿಯಿದೆಯೆಂಬುದು ಜಗತ್ತಿಗೆ ಸ್ಪಷ್ಟವಾಗಿ ತಿಳಿದುಬಂದದ್ದು ಮನೆಗಳ ಅಧ್ಯಯನದಿಂದಲೇ. ಜಪಾನಿನ ವೈದ್ಯ ವಿಜ್ಞಾನಿ ತಕೇಶಿ ಹಿರಾಯಾಮ ಅವರು ತಾವು ಧೂಮಪಾನ ಮಾಡದ 91,540 ವಿವಾಹಿತ ಮಹಿಳೆಯರ ಆರೋಗ್ಯವನ್ನು 14 ವರ್ಷಗಳ ಕಾಲ ಗಮನಿಸಿ, 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಚ್ಚು ಸಿಗರೇಟು ಸೇದುತ್ತಿದ್ದ ಮನೆಗಳಲ್ಲಿ, ಎಂದೂ ಸೇದದ ಹೆಂಡತಿಗೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಾಗಿತ್ತು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ ವರ್ಷ ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಬೇರೆಯವರು ಸೇದಿದ ತಂಬಾಕಿನ ಹೊಗೆಯಿಂದ ಸಾಯುತ್ತಿದ್ದಾರೆ.

2. ಮಕ್ಕಳಿಗೆ ಹೆಚ್ಚಿನ ಹಾನಿ ಏಕೆ?

ಮಗುವು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಅದು ಒಳಗೆಳೆಯುವ ಗಾಳಿಯ ಪ್ರಮಾಣ ಹೆಚ್ಚು. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ, ಶ್ವಾಸನಾಳಗಳು ಕಿರಿದಾಗಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಗೆಯಿರುವ ಜಾಗದಿಂದ ಎದ್ದು ಹೋಗುವ ಶಕ್ತಿ ಮಗುವಿಗಿಲ್ಲ. ತೊಟ್ಟಿಲಿನಲ್ಲಿ ಮಲಗಿಸಿದರೆ ತೊಟ್ಟಿಲಲ್ಲಿ, ತೊಡೆಯ ಮೇಲೆ ಇಟ್ಟುಕೊಂಡರೆ ತೊಡೆಯ ಮೇಲೆ, ಅದು ಇರಲೇಬೇಕು.

ಪರೋಕ್ಷ ಧೂಮಪಾನದಿಂದ ಮಕ್ಕಳಿಗೆ ಆಗುವುದೆಂದು ಖಚಿತಪಟ್ಟಿರುವ ತೊಂದರೆಗಳು ಇವು:

– ನ್ಯುಮೋನಿಯಾ, ಬ್ರಾಂಕೈಟಿಸ್ ಮುಂತಾದ ಉಸಿರಾಟದ ಸೋಂಕುಗಳು.
– ಅಸ್ತಮಾ ಇರುವ ಮಕ್ಕಳಲ್ಲಿ ಉಬ್ಬಸವು ಪದೇ ಪದೇ ಬರುವುದು ಮತ್ತು ತೀವ್ರವಾಗುವುದು.
– ನಡುಗಿವಿಯ ಸೋಂಕು, ಕಿವಿ ಸೋರುವುದು. ಇದು ಮುಂದುವರಿದರೆ ಕೇಳುವ ಶಕ್ತಿ ಕುಂದುವುದು.
– ಶ್ವಾಸಕೋಶದ ಬೆಳವಣಿಗೆ ಕುಂಠಿತವಾಗುವುದು.
– ನಿದ್ರೆಯಲ್ಲಿರುವ ಶಿಶು ಬೇರೆ ಕಾರಣ ಕಾಣದೆ ಹಠಾತ್ತನೆ ಮರಣಿಸುವ ಅಪಾಯ ಹೆಚ್ಚುವುದು.
– ಗರ್ಭಿಣಿಯು ಈ ಹೊಗೆಯನ್ನು ಉಸಿರಾಡಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗುವುದು.

ಪದೇ ಪದೇ ಕೆಮ್ಮು ಬರುವ ಮಗುವಿಗೆ ‘ಶೀತ ಪ್ರಕೃತಿ’ ಎಂದು ಹೇಳಿ ಸುಮ್ಮನಾಗುವುದು ರೂಢಿ. ಅಂಥ ಮನೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮಗು ಮಲಗುವ ಕೋಣೆಯಲ್ಲಿ ಯಾರಾದರೂ ಸೇದುತ್ತಾರೆಯೇ ಎಂಬುದು.

3. ಕಿಟಕಿ ತೆರೆದರೆ ಸಾಲದೇ?

ಸಾಲದು. ಪರೋಕ್ಷ ಧೂಮಪಾನಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದಿಲ್ಲ ಎಂದೂ, ಕಿಟಕಿ ತೆರೆಯುವುದು, ಫ್ಯಾನ್ ಹಾಕುವುದು, ಬೇರೆ ಕೋಣೆಯಲ್ಲಿ ಸೇದುವುದು, ಇವುಗಳಿಂದ ಮನೆಯವರಿಗೆ ಪೂರ್ಣ ರಕ್ಷಣೆ ಸಿಗದೆಂದೂ ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿಯು ನಿರ್ಣಯಿಸಿತು. ಹೊಗೆಯ ಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು, ವಾಸನೆ ಕಡಿಮೆಯಾದ ಮೇಲೂ ಗಾಳಿಯಲ್ಲಿ ಉಳಿದಿರುತ್ತವೆ. ಅದರ ವಿಷವಸ್ತುಗಳು ಹಾಸಿಗೆ, ಕಂಬಳಿ, ಗೋಡೆ, ಸೇದಿದವರ ಬಟ್ಟೆ ಮತ್ತು ಕೂದಲಿಗೂ ಅಂಟಿಕೊಳ್ಳುತ್ತವೆ. ಸೇದಿ ಬಂದು ಕೂಡಲೇ ಮಗುವನ್ನು ಎತ್ತಿಕೊಂಡರೆ ಅದರ ಒಂದು ಅಂಶ ಮಗುವಿಗೂ ತಲಪುತ್ತದೆ.

ಹೊಗೆಯನ್ನು ಮನೆಯಿಂದ ಹೊರಗೆ ಕಳುಹಿಸುವ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಒಳ್ಳೆಯ ಅನುಭವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕ್ಷೇತ್ರ ಕೇಂದ್ರವನ್ನು ಸ್ಥಾಪಿಸಿತು. ಆ ಪ್ರಯತ್ನದಿಂದ ರೂಪುಗೊಂಡ ‘ಅಸ್ತ್ರ ಒಲೆ’ಯು 1980ರ ದಶಕದಲ್ಲಿ ರಾಜ್ಯದ ಹಲವೆಡೆ ಪ್ರಚಾರಕ್ಕೆ ಬಂತು. ಅದರಲ್ಲಿ ಉರಿಯನ್ನು ಮುಚ್ಚಿದ ಒಲೆಯೊಳಗೆ ಹಿಡಿದಿಟ್ಟು, ಹೊಗೆಯನ್ನು ಕೊಳವೆಯ ಮೂಲಕ ಚಾವಣಿಯ ಆಚೆಗೆ ಕಳುಹಿಸಲಾಗುತ್ತಿತ್ತು. ಸೌದೆಯೂ ಉಳಿಯುತ್ತಿತ್ತು, ಅಡುಗೆಮನೆಯ ಹೊಗೆಯೂ ತಗ್ಗುತ್ತಿತ್ತು. ಆ ಒಲೆ ಕಲಿಸುವ ಪಾಠ ಸರಳವಾದುದು: ಕೋಣೆಯೊಳಗೆ ಹರಡಿದ ಹೊಗೆಯನ್ನು ಅನಂತರ ಓಡಿಸುವುದು ಸಾಧ್ಯವಿಲ್ಲ; ಅದು ಹುಟ್ಟುವಲ್ಲಿಯೇ ಹಿಡಿದು ಹೊರಗೆ ಹಾಕಬೇಕು. ಒಲೆಗೆ ಕೊಳವೆ ಕಟ್ಟಬಹುದು, ಬೀಡಿಗೆ ಕಟ್ಟಲಾಗದು. ಆದ್ದರಿಂದ ಬೀಡಿಯನ್ನೇ ಮನೆಯ ಹೊರಗೆ ಕಳುಹಿಸುವುದೊಂದೇ ಮಾರ್ಗ.

4. ನಮ್ಮ ಭಾಗದ ಮನೆಗಳಲ್ಲಿ ಗಮನಿಸಬೇಕಾದುದು

ತುರುವೇಕೆರೆ ತಾಲ್ಲೂಕಿನ ಸಂಪಿಗೆ ಮತ್ತು ಸುತ್ತಲಿನ ಗ್ರಾಮಗಳಲ್ಲಿ, ಹಾಗೆಯೇ ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ, ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವುದು ಬಹುಪಾಲು ಬೆಳೆಗಾರರ ಜೀವನಾಧಾರ. ಒಣಗಿದ ಕಾಯಿ, ಮಟ್ಟೆ, ನಾರುಗಳಿಗೆ ಬೆಂಕಿ ಬೇಗ ಹತ್ತುತ್ತದೆಂಬುದು ಎಲ್ಲರಿಗೂ ಗೊತ್ತು. ಕೊಬ್ಬರಿ ಅಟ್ಟದ ಕೆಳಗಾಗಲಿ, ಹುಲ್ಲಿನ ಬಣವೆಯ ಬಳಿಯಾಗಲಿ ವಿವೇಕವುಳ್ಳ ಯಾರೂ ಬೀಡಿ ಹಚ್ಚುವುದಿಲ್ಲ. ಕೂಲಿಗೆ ಬಂದವರು ಹಚ್ಚಿದರೆ ಮನೆಯ ಯಜಮಾನರು ಸುಮ್ಮನಿರುವುದಿಲ್ಲ. ಇದಕ್ಕೆ ಯಾವ ಕಾನೂನೂ ಬೇಕಾಗಿಲ್ಲ, ದಂಡವೂ ಇಲ್ಲ. ವರ್ಷದ ದುಡಿಮೆ ಅಲ್ಲಿದೆ ಎಂಬ ಅರಿವೇ ಸಾಕು. ಅದೇ ನಿಯಮವನ್ನು ತೊಟ್ಟಿಲು ಇರುವ ಕೋಣೆಗೂ ಅನ್ವಯಿಸಿರೆಂದು ಕೇಳುವುದಷ್ಟೇ ನಮ್ಮ ಕೆಲಸ. ಜನರೊಡನೆ ಮಾತನಾಡುವಾಗ ಸದಸ್ಯರು ಈ ಹೋಲಿಕೆಯನ್ನು ಬಳಸಬಹುದು.

ಇನ್ನೂ ಮೂರು ಸಂಗತಿಗಳನ್ನು ನೆನಪಿಡಬೇಕು.

ಒಂದು, ಜಗಲಿ. ಜಗಲಿಯ ಮೇಲೆ ಕುಳಿತು ಸೇದುವುದನ್ನು ಹೊರಗೆ ಸೇದಿದಂತೆಯೇ ಎಂದು ಭಾವಿಸಲಾಗುತ್ತದೆ. ಬಾಗಿಲು, ಕಿಟಕಿ ತೆರೆದಿದ್ದರೆ ಆ ಹೊಗೆ ನೇರವಾಗಿ ನಡುಮನೆಗೆ ಬರುತ್ತದೆ. ಮನೆಯಿಂದ ಹೊರಗೆ ಎಂದರೆ ಜಗಲಿ ಮತ್ತು ಅಂಗಳ ದಾಟಿ, ಬಾಗಿಲು, ಕಿಟಕಿಗಳಿಂದ ದೂರ ಎಂದೇ ತಿಳಿಯಬೇಕು.

ಎರಡು, ಬಚ್ಚಲು ಒಲೆ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲಿಯೂ ಸ್ನಾನದ ನೀರಿಗೆ ತೆಂಗಿನ ಗರಿ, ಮಟ್ಟೆ, ಚಿಪ್ಪುಗಳನ್ನು ಉರಿಸುವುದು ನಮ್ಮ ಭಾಗದಲ್ಲಿ ಉಳಿದಿದೆ. ಸೌದೆಯ ಹೊಗೆಯೂ ಮಗುವಿನ ಶ್ವಾಸಕೋಶಕ್ಕೆ ಹಾನಿಕರವೇ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ 2,37,000ಕ್ಕೂ ಹೆಚ್ಚು ಮಕ್ಕಳು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಂಡೆ ಒಲೆಗೆ ಹೊಗೆ ಕೊಳವೆ ಇರಬೇಕು, ಅದರ ಮಸಿಯನ್ನು ಕಾಲಕಾಲಕ್ಕೆ ತೆಗೆಯಬೇಕು. ಒಲೆ ಉರಿಯುವಾಗ ಮಗುವನ್ನು ಅಲ್ಲಿಗೆ ಒಯ್ಯಬಾರದು.

ಮೂರು, ಬಾಣಂತಿ ಮತ್ತು ಶಿಶುವಿಗೆ ಸ್ನಾನದ ನಂತರ ಹಾಕುವ ಸಾಂಬ್ರಾಣಿ ಹೊಗೆ. ಈ ಪದ್ಧತಿಯ ಹಿಂದೆ ಮಗುವಿನ ಮೇಲಿನ ಅಕ್ಕರೆಯಿದೆ. ಆದರೆ ಕೆಂಡದ ಹೊಗೆ ಸುವಾಸನೆಯಿಂದ ಕೂಡಿದ್ದರೂ ಹೊಗೆಯೇ. ಮಗುವಿನ ತಲೆಯನ್ನು ಒಣಬಟ್ಟೆಯಿಂದ ಒರೆಸಿ, ಬೆಚ್ಚಗೆ ಹೊದಿಸಿದರೆ ಸಾಕೆಂಬುದನ್ನು ಆಶಾ ಕಾರ್ಯಕರ್ತೆಯರ ಮೂಲಕ ಅಜ್ಜಿಯರಿಗೆ ಗೌರವದಿಂದ ತಿಳಿಸಬೇಕು.

5. ಕಾನೂನು ಎಲ್ಲಿಯವರೆಗೆ ಬರುತ್ತದೆ?

ಮುರಳಿ ದೇವರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿ ಆದೇಶಿಸಿತು. ಅನಂತರ ಸಿಗರೇಟುಗಳು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ, 2003 ಬಂತು. ಅದರ 4ನೆಯ ಪ್ರಕರಣದ ನಿಷೇಧವನ್ನು ವಿಸ್ತರಿಸಿದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಕರ್ನಾಟಕದ ತಿದ್ದುಪಡಿ ಕಾಯ್ದೆಯು 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಮೇಲೆ, ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ 1,000 ರೂಪಾಯಿವರೆಗೆ ದಂಡ ವಿಧಿಸಬಹುದು. 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನ ಮಾರುವುದು ಅಪರಾಧ. ಮಕ್ಕಳ ನ್ಯಾಯ ಕಾಯ್ದೆ, 2015ರ 77ನೆಯ ಪ್ರಕರಣದಂತೆ ಮಗುವಿಗೆ ತಂಬಾಕು ಉತ್ಪನ್ನ ಕೊಟ್ಟವರಿಗೆ 7 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಆದ್ದರಿಂದ ‘ಒಂದು ಕಟ್ಟು ಬೀಡಿ ತಾ’ ಎಂದು ಮಗುವನ್ನು ಅಂಗಡಿಗೆ ಅಟ್ಟುವುದು ಚಿಕ್ಕ ವಿಷಯವಲ್ಲ. ಬೀಡಿ ತಂದೆಗೆಂದೇ ಆಗಿರಲಿ, ಮಗುವಿನ ಕೈಗೆ ಕೊಟ್ಟ ಅಂಗಡಿಯವರು ಕಾನೂನನ್ನು ಮುರಿದಂತೆಯೇ. ಬಾಡಿಗೆ ಮನೆಯಲ್ಲಿ ಅಂಗನವಾಡಿ ನಡೆಯುತ್ತಿದ್ದರೆ ಆ ಕೋಣೆಯೂ ಆವರಣವೂ ಧೂಮಪಾನ ನಿಷೇಧಿತ ಸ್ಥಳವೆಂಬುದನ್ನು ಮನೆಯ ಮಾಲೀಕರಿಗೆ ತಿಳಿಸಬೇಕು.

ವಾಸದ ಮನೆ ಮಾತ್ರ ಈ ನಿಷೇಧದ ಹೊರಗಿದೆ. ಹಾಗೆಂದು ಮನೆಯೊಳಗಿನ ಅಭ್ಯಾಸ ಬದಲಾಗದೆಂದು ಭಾವಿಸಬೇಕಾಗಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮನೆಯೊಳಗೆ ಪರೋಕ್ಷ ಧೂಮಪಾನಕ್ಕೆ ಒಳಗಾಗುವ ವಯಸ್ಕರ ಪ್ರಮಾಣ 2009–10ರಲ್ಲಿ ಶೇ. 52.3 ಇದ್ದುದು 2016–17ರಲ್ಲಿ ಶೇ. 38.7ಕ್ಕೆ ಇಳಿಯಿತು. ಮನೆಯೊಳಗೆ ಸೇದುವುದನ್ನು ನಿಷೇಧಿಸುವ ಕಾನೂನು ಇಲ್ಲದೆಯೇ ಈ ಇಳಿಕೆ ಆಗಿದೆ. ಆದರೂ ಹತ್ತರಲ್ಲಿ ನಾಲ್ಕು ಮಂದಿಗೆ ಸಮೀಪದ ಪ್ರಮಾಣ ಉಳಿದಿದೆ, ಮತ್ತು ಅವರೊಡನೆ ಅದೇ ಸೂರಿನಡಿ ಮಕ್ಕಳೂ ಇದ್ದಾರೆ.

6. ಗ್ರಾಮ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

(1) ಮೊದಲು ಪಂಚಾಯತಿಯ ಮನೆ. ಕಚೇರಿಯ ಆವರಣದಲ್ಲಿ ಕನಿಷ್ಠ 60 ಸೆಂ.ಮೀ. × 30 ಸೆಂ.ಮೀ. ಅಳತೆಯ ಧೂಮಪಾನ ನಿಷೇಧದ ಫಲಕವಿರಬೇಕು. ಸಭೆಯ ಬಿಡುವಿನಲ್ಲಿ ಕಚೇರಿಯ ಮೆಟ್ಟಿಲಿನ ಮೇಲೆ ಸೇದುವ ಸದಸ್ಯರ ಮಾತನ್ನು ಊರು ಕೇಳುವುದಿಲ್ಲ. ಧೂಮಪಾನ ಮಾಡುವ ಸದಸ್ಯರು ‘ನನ್ನ ಮನೆಯೊಳಗೆ ಇನ್ನು ಹೊಗೆ ಇಲ್ಲ’ ಎಂದು ಮೊದಲು ಹೇಳಿದರೆ, ಎಂದೂ ಸೇದದ ಸದಸ್ಯರ ಹತ್ತು ಭಾಷಣಗಳಿಗಿಂತ ಅದು ಪರಿಣಾಮಕಾರಿ.

(2) ವಾರ್ಡ್ ಸಭೆ ಮತ್ತು ಗ್ರಾಮ ಸಭೆಯಲ್ಲಿ ನಿರ್ಣಯ. ಇದು ದಂಡದ ನಿರ್ಣಯವಲ್ಲ. ಊರಿನ ಒಪ್ಪಿಗೆಯ ಮಾತು. ಇದರ ಪ್ರಯೋಜನವು ಮನೆಯೊಳಗೆ ಕಾಣುತ್ತದೆ. ಸೊಸೆಯು ‘ನೀವು ಇಲ್ಲಿ ಸೇದಬೇಡಿ ಮಾವ’ ಎಂದರೆ ಅದು ಎದುರುತ್ತರವಾಗುತ್ತದೆ. ‘ಗ್ರಾಮ ಸಭೆಯಲ್ಲಿ ಎಲ್ಲ ಮನೆಯವರೂ ಹೀಗೆ ಒಪ್ಪಿದ್ದಾರಂತೆ’ ಎಂದರೆ ಅದು ಸುದ್ದಿಯಾಗುತ್ತದೆ. ಹೇಳುವ ಹೊರೆ ಅವಳ ಮೇಲಿಂದ ಇಳಿದು ಸಭೆಯ ಮೇಲೆ ಬರುತ್ತದೆ.

(3) ಹೊಸ ಮಗು ಬಂದ ಮನೆಯಿಂದ ಆರಂಭ. ಗರ್ಭಿಣಿಯರು, ಬಾಣಂತಿಯರು ಮತ್ತು ಎರಡು ವರ್ಷದೊಳಗಿನ ಮಕ್ಕಳಿರುವ ಮನೆಗಳು ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರಿಗೆ ಗೊತ್ತು. ಅವರ ಭೇಟಿಯ ಸಂದರ್ಭದಲ್ಲಿ ವಾರ್ಡಿನ ಸದಸ್ಯರೂ ಒಮ್ಮೆ ಜೊತೆಗೆ ಹೋಗಿ, ಮನೆಯ ಹಿರಿಯರೊಡನೆಯೇ ಮಾತನಾಡಬೇಕು. ಮೊಮ್ಮಗು ಹುಟ್ಟಿದ ಸಂತೋಷದಲ್ಲಿರುವ ಅಜ್ಜನು ಬೇರೆ ಯಾವ ಕಾಲಕ್ಕಿಂತಲೂ ಆಗ ಈ ಮಾತನ್ನು ಒಪ್ಪುವ ಸಂಭವ ಹೆಚ್ಚು.

(4) ಮಕ್ಕಳ ಗ್ರಾಮ ಸಭೆ. ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿ, ಮಕ್ಕಳೇ ಮಾತನಾಡಲು ಬಿಡಬೇಕು. ಆದರೆ ಯಾವ ಮಗುವನ್ನೂ ‘ನಿಮ್ಮ ಮನೆಯಲ್ಲಿ ಯಾರು ಸೇದುತ್ತಾರೆ?’ ಎಂದು ಸಭೆಯಲ್ಲಿ ಕೇಳಬಾರದು.

(5) ಅಂಗಡಿಗಳ ಜೊತೆ ಮಾತುಕತೆ. ಮಕ್ಕಳ ಕೈಗೆ ಬೀಡಿ, ಸಿಗರೇಟು ಕೊಡಬಾರದೆಂಬ ಕಾನೂನನ್ನು ಅಂಗಡಿಯವರಿಗೆ ತಿಳಿಸಿ, ಅದರ ಫಲಕವನ್ನು ಅಂಗಡಿಯ ಮುಂದೆ ಹಾಕಿಸಬೇಕು. ಶಾಲೆಯ ಸುತ್ತಲಿನ ನಿಷೇಧಿತ ವ್ಯಾಪ್ತಿಯಲ್ಲಿ ಮಾರಾಟ ನಡೆಯದಂತೆ ನೋಡಿಕೊಳ್ಳಬೇಕು.

(6) ಬಿಡಲು ನೆರವು. ಧೂಮಪಾನ ಚಟ, ಬೈದ ಮಾತ್ರಕ್ಕೆ ಬಿಡುವುದಿಲ್ಲ. ತಂಬಾಕು ಬಿಡಲು ಬಯಸುವವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತವಾಗಿ ಲಭ್ಯವಿದೆ. ಈ ಸಂಖ್ಯೆಯನ್ನು ಪಂಚಾಯತಿ, ಹಾಲು ಉತ್ಪಾದಕರ ಸಂಘ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ ಬರೆಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆಯನ್ನೂ, ಜಿಲ್ಲಾ ತಂಬಾಕು ನಿಯಂತ್ರಣ ಕೋಶದ ನೆರವನ್ನೂ ಪಡೆಯಬಹುದು.

7. ಮಾಡಬಾರದ ಕೆಲಸಗಳು

ಮನೆಯೊಳಗೆ ಸೇದಿದವರಿಗೆ ದಂಡ ಹಾಕುವ ಅಧಿಕಾರ ಪಂಚಾಯತಿಗಿಲ್ಲ; ಹಾಕಲೂಬಾರದು. ಪಡಿತರ, ಪಿಂಚಣಿ, ವಸತಿ ಮುಂತಾದ ಯಾವ ಸೌಲಭ್ಯಕ್ಕೂ ಈ ವಿಷಯವನ್ನು ಷರತ್ತನ್ನಾಗಿ ಮಾಡಬಾರದು. ಸೇದುವವರ ಹೆಸರನ್ನು ಸಭೆಯಲ್ಲಿ ಓದಬಾರದು, ಫಲಕದಲ್ಲಿ ಬರೆಯಬಾರದು. ಸಭೆಯಲ್ಲಿ ಅವಮಾನಿತನಾದವನ ಕೋಪ ಇಳಿಯುವುದು ಮನೆಯ ಹೆಂಗಸರ ಮೇಲೆ ಎಂಬುದನ್ನು ಮರೆಯಬಾರದು. ‘ಬೀಡಿಯ ಬದಲು ಹೊಗೆಸೊಪ್ಪು ಹಾಕಿಕೊಳ್ಳಿ’ ಎಂಬ ಸಲಹೆಯನ್ನೂ ನೀಡಬಾರದು. ಜಗಿಯುವ ತಂಬಾಕು ಬಾಯಿಯ ಕ್ಯಾನ್ಸರಿಗೆ ದಾರಿ.

8. ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಮತ್ತು ಉತ್ತರಗಳು

‘ನಮ್ಮ ತಂದೆ ಮನೆಯಲ್ಲೇ ಸೇದುತ್ತಿದ್ದರು, ನಾವು ಬೆಳೆದೆವಲ್ಲ?’ ಬೆಳೆದವರು ಇಂದು ಈ ಮಾತನ್ನು ಹೇಳಲು ಇದ್ದಾರೆ. ಅದೇ ಕಾಲದಲ್ಲಿ ಕೆಮ್ಮು, ಉಬ್ಬಸ, ನ್ಯುಮೋನಿಯಾದಿಂದ ಶೈಶವದಲ್ಲೇ ತೀರಿಕೊಂಡ ಮಕ್ಕಳು ಹೇಳಲು ಇಲ್ಲ. ಅಂದು ಕಾರಣ ತಿಳಿದಿರಲಿಲ್ಲ, ಇಂದು ತಿಳಿದಿದೆ.

‘ಅಜ್ಜನಿಗೆ ಎದ್ದು ಹೊರಗೆ ಹೋಗಲು ಆಗುವುದಿಲ್ಲ.’ ಹಾಗಿದ್ದರೆ ಅಜ್ಜನಿಗೆ ಮನೆಯಿಂದ ಬೇರೆಯಾಗಿರುವ ಮರದ ನೆರಳಿನಲ್ಲೋ ಚಪ್ಪರದಲ್ಲೋ ಕೂರಲು ಅನುಕೂಲ ಮಾಡಿಕೊಡಬೇಕು. ಅದೂ ಸಾಧ್ಯವಾಗದಿದ್ದರೆ ಮಗುವಿನ ತೊಟ್ಟಿಲನ್ನು ಆ ಕೋಣೆಯಿಂದ ತೆಗೆದು ಆದಷ್ಟು ದೂರವಿಡಬೇಕು. ಇದರಿಂದ ಪೂರ್ಣ ರಕ್ಷಣೆ ಸಿಗುವುದಿಲ್ಲವೆಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಿ, ಅಜ್ಜನ ಚಟ ಬಿಡಿಸಲು ವೈದ್ಯರ ನೆರವು ಕೊಡಿಸಬೇಕು.

‘ಮಳೆಗಾಲದಲ್ಲಿ, ರಾತ್ರಿಯಲ್ಲಿ ಏನು ಮಾಡುವುದು?’ ನಿಯಮಕ್ಕೆ ಒಂದು ವಿನಾಯಿತಿ ಕೊಟ್ಟರೆ ನಿಯಮವೇ ಉಳಿಯುವುದಿಲ್ಲ. ಮಳೆಯಿರುವಾಗ ಕಿಟಕಿ, ಬಾಗಿಲು ಮುಚ್ಚಿರುವುದರಿಂದ ಒಳಗಿನ ಹೊಗೆ ಮತ್ತಷ್ಟು ದಟ್ಟವಾಗುತ್ತದೆ. ಹಾಸಿಗೆಯಲ್ಲಿ ಸೇದುವುದರಿಂದ ಬೆಂಕಿ ಅನಾಹುತದ ಭಯವೂ ಇದೆ.

‘ಹೊರಗೆ ಸೇದಿ ಬಂದರೆ ಸಾಕಲ್ಲವೇ?’ ಮಗುವಿನ ಮಟ್ಟಿಗೆ ಅದು ದೊಡ್ಡ ಹೆಜ್ಜೆ. ಜೊತೆಗೆ, ಕೈ, ಬಾಯಿ ತೊಳೆದು, ಹೊದ್ದ ಟವೆಲನ್ನು ಬದಲಿಸಿ ಮಗುವನ್ನು ಎತ್ತಿಕೊಳ್ಳಬೇಕು. ಮುಚ್ಚಿದ ಕಾರು, ಆಟೋಗಳಲ್ಲಿಯೂ ಇದೇ ನಿಯಮ. ಸೇದುವವರ ಸ್ವಂತ ಆರೋಗ್ಯಕ್ಕೆ ಮಾತ್ರ ಪೂರ್ಣವಾಗಿ ಬಿಡುವುದೊಂದೇ ಪರಿಹಾರ.

9. ಮಾದರಿ ನಿರ್ಣಯ

ಗ್ರಾಮ ಸಭೆಯ ನಡವಳಿಯಲ್ಲಿ ದಾಖಲಿಸಲು ಈ ಕೆಳಗಿನ ಮಾದರಿಯನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

“ನಮ್ಮ ಗ್ರಾಮದ ಮಕ್ಕಳ ಮತ್ತು ಗರ್ಭಿಣಿಯರ ಆರೋಗ್ಯದ ಹಿತದೃಷ್ಟಿಯಿಂದ, ಈ ಗ್ರಾಮ ಸಭೆಯಲ್ಲಿ ಹಾಜರಿರುವ ನಾವೆಲ್ಲರೂ ನಮ್ಮ ನಮ್ಮ ಮನೆಗಳ ಒಳಗೆ ಹಾಗೂ ಜಗಲಿಯ ಮೇಲೆ ಬೀಡಿ, ಸಿಗರೇಟು ಸೇದುವುದಿಲ್ಲವೆಂದೂ, ಮನೆಗೆ ಬಂದ ನೆಂಟರಿಷ್ಟರಿಗೂ ಇದನ್ನೇ ತಿಳಿಸುತ್ತೇವೆಂದೂ, ಬೀಡಿ, ಸಿಗರೇಟು ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸುವುದಿಲ್ಲವೆಂದೂ ಒಪ್ಪಿರುತ್ತೇವೆ. ಈ ಒಪ್ಪಿಗೆಯು ಸ್ವಯಂಪ್ರೇರಿತವಾದುದು. ತಂಬಾಕು ಬಿಡಲು ಇಚ್ಛಿಸುವವರಿಗೆ ಅಗತ್ಯ ನೆರವು ಒದಗಿಸಲು ಗ್ರಾಮ ಪಂಚಾಯತಿಯನ್ನು ಕೋರಲಾಗಿದೆ. ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯದ ಪ್ರಗತಿಯನ್ನು ಪರಿಶೀಲಿಸಲು ತೀರ್ಮಾನಿಸಲಾಯಿತು.”

ನಿರ್ಣಯದ ಕೊನೆಯ ವಾಕ್ಯವನ್ನು ಬಿಡಬಾರದು. ಮತ್ತೆ ಚರ್ಚೆಗೆ ಬಾರದ ನಿರ್ಣಯವು ನಡವಳಿ ಪುಸ್ತಕದಲ್ಲಿಯೇ ಉಳಿಯುತ್ತದೆ.

ಚರ್ಚೆಗಾಗಿ ಪ್ರಶ್ನೆಗಳು

1. ನಿಮ್ಮ ವಾರ್ಡಿನಲ್ಲಿ ಎರಡು ವರ್ಷದೊಳಗಿನ ಮಕ್ಕಳಿರುವ ಮನೆಗಳು ಎಷ್ಟು? ಅವುಗಳಲ್ಲಿ ನೀವು ಈ ವರ್ಷ ಭೇಟಿ ನೀಡಿದವು ಎಷ್ಟು?
2. ಕೊಬ್ಬರಿ ಅಟ್ಟದ ಬಳಿ ಸೇದಬಾರದೆಂಬ ರೂಢಿ ನಿಮ್ಮ ಊರಿನಲ್ಲಿ ಹೇಗೆ ಬೇರೂರಿತು? ತೊಟ್ಟಿಲಿನ ವಿಷಯದಲ್ಲಿ ಅದೇ ರೂಢಿಯನ್ನು ತರಲು ಯಾರ ಮಾತು ನಡೆಯುತ್ತದೆ?
3. ಮನೆಯ ಹಿರಿಯರಿಗೆ ಈ ವಿಷಯವನ್ನು ಹೇಳಲಾರದ ತಾಯಂದಿರು ನಿಮ್ಮೊಡನೆ ಮಾತನಾಡಲು ಅನುಕೂಲವಾದ ವೇದಿಕೆ ಯಾವುದು: ಸ್ತ್ರೀಶಕ್ತಿ ಗುಂಪೇ, ಅಂಗನವಾಡಿಯ ತಾಯಂದಿರ ಸಭೆಯೇ, ಮಹಿಳಾ ಗ್ರಾಮ ಸಭೆಯೇ?
4. ಪಂಚಾಯತಿ ಕಚೇರಿಯ ಆವರಣ ಇಂದು ಧೂಮಪಾನ ಮುಕ್ತವಾಗಿದೆಯೇ?

ರಸ್ತೆ, ಚರಂಡಿ, ಕುಡಿಯುವ ನೀರಿನ ಕಾಮಗಾರಿಗಳಿಗೆ ಕ್ರಿಯಾಯೋಜನೆ, ಅನುದಾನ, ಅನುಮೋದನೆ ಎಲ್ಲವೂ ಬೇಕು. ಈ ಕಾರ್ಯಕ್ಕೆ ಬೇಕಾಗಿರುವುದು ಒಂದು ಸಭೆಯ ಒಪ್ಪಿಗೆ ಮತ್ತು ಮನೆಯ ಬಾಗಿಲಿಗೆ ಹೋಗಿ ಆಡುವ ನಾಲ್ಕು ಸೌಜನ್ಯದ ಮಾತುಗಳು. ಮುಂಬರುವ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಲು ಸದಸ್ಯರೆಲ್ಲರೂ ಕ್ರಮ ವಹಿಸಬೇಕೆಂದು ಕೋರಲಾಗಿದೆ.